ಓಡುವ ಸಾಕುಪ್ರಾಣಿಗಳ ಛಾಯಾಗ್ರಹಣ

ಓಡುವ ಸಾಕುಪ್ರಾಣಿಗಳ ಛಾಯಾಗ್ರಹಣ ಎಂಬುದು ನಾಯಿ, ಬೆಕ್ಕು, ಮೊಲ ಮೊದಲಾದ ಸಾಕುಪ್ರಾಣಿಗಳು ಓಡುವಾಗ, ನೆಗೆಯುವಾಗ ಅಥವಾ ಆಡುವಾಗ ಅವುಗಳ ಸ್ಪಷ್ಟವಾದ ಚಿತ್ರವನ್ನು ಪಡೆಯುವ ಛಾಯಾಗ್ರಹಣ ವಿಧಾನವಾಗಿದೆ. ಕ್ರೀಡಾ ಛಾಯಾಗ್ರಹಣ ಮತ್ತು ವನ್ಯಜೀವಿ ಛಾಯಾಗ್ರಹಣಗಳ ತಂತ್ರಗಳನ್ನು ಇದು ಎರವಲು ಪಡೆದಿದೆಯಾದರೂ ಅವೆರಡರಿಂದಲೂ ಭಿನ್ನವಾಗಿದೆ. ಓಟಗಾರನ ಹಾದಿ ಮೊದಲೇ ಗೊತ್ತಿರುತ್ತದೆ. ವನ್ಯಮೃಗವು ಸಾಮಾನ್ಯವಾಗಿ ದೂರದಲ್ಲಿರುತ್ತದೆ. ಸಾಕುಪ್ರಾಣಿಯಾದರೋ ಕೆಲವೇ ಮೀಟರ್ ಅಂತರದಲ್ಲಿ, ಯಾವ ಸೂಚನೆಯನ್ನೂ ಕೊಡದೆ ದಿಕ್ಕು ಬದಲಿಸುತ್ತದೆ. ಅನೇಕ ವೇಳೆ ಕ್ಯಾಮೆರಾ ಹಿಡಿದವರ ಕಡೆಗೇ ಓಡಿಬರುತ್ತದೆ. ಅಂತರ ಕಡಿಮೆಯಾದಷ್ಟೂ ಅದೇ ವೇಗವು ಚೌಕಟ್ಟಿನೊಳಗೆ ಹೆಚ್ಚಾಗಿ ತೋರುವುದರಿಂದ, ಅಂಗಳದಲ್ಲಿ ಓಡುವ ನಾಯಿಯ ಚಿತ್ರವು ದೂರದ ಹುಲ್ಲುಗಾವಲಿನಲ್ಲಿ ಓಡುವ ಜಿಂಕೆಯ ಚಿತ್ರಕ್ಕಿಂತ ಕಠಿಣವಾಗಬಲ್ಲದು.

ಇಂತಹ ಚಿತ್ರಗಳು ಮಸುಕಾಗಲು ಮೂರು ಬೇರೆ ಬೇರೆ ಕಾರಣಗಳಿವೆ: ಪ್ರಾಣಿಯ ಚಲನೆ, ತಪ್ಪಿದ ಫೋಕಸ್ ಮತ್ತು ಕ್ಯಾಮೆರಾದ ಅಲುಗಾಟ. ನೋಡಲು ಇವು ಒಂದನ್ನೊಂದು ಹೋಲುತ್ತವೆ, ಆದರೆ ಪರಿಹಾರಗಳು ಬೇರೆ. ಶಟರ್ ವೇಗವನ್ನು ಹೆಚ್ಚಿಸಬೇಕೆಂಬ ಪ್ರಚಲಿತ ಸಲಹೆಯು ಮೊದಲನೆಯ ಮತ್ತು ಮೂರನೆಯ ಕಾರಣಗಳಿಗೆ ಮಾತ್ರ ಅನ್ವಯಿಸುತ್ತದೆ. ತಪ್ಪಿದ ಫೋಕಸನ್ನು ಯಾವ ಶಟರ್ ವೇಗವೂ ಸರಿಪಡಿಸಲಾರದು.

ಇತಿಹಾಸ

ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡುಗಳ ಕಾಲ ಬೆಳಕು ಬೀಳಬೇಕಾಗುತ್ತಿತ್ತು. ಹೀಗಾಗಿ 1840 ಮತ್ತು 1850ರ ದಶಕಗಳ ಡಗೆರೊಟೈಪ್ ಚಿತ್ರಗಳಲ್ಲಿನ ನಾಯಿಗಳು ಬಹುಮಟ್ಟಿಗೆ ಮಲಗಿರುತ್ತವೆ, ಇಲ್ಲವೇ ಯಜಮಾನರ ಮಡಿಲಲ್ಲಿ ಕುಳಿತಿರುತ್ತವೆ. ದೇಹವೆಲ್ಲ ಸ್ಪಷ್ಟವಾಗಿದ್ದು ಬಾಲ ಮಾತ್ರ ಬೀಸಣಿಗೆಯಂತೆ ಹರಡಿಕೊಂಡಿರುವ ಹಳೆಯ ಚಿತ್ರಗಳು ಅಪರೂಪವಲ್ಲ.

ಓಡುವ ಪ್ರಾಣಿಯ ಚಿತ್ರಣದಲ್ಲಿ ಮಹತ್ವದ ತಿರುವು ಬಂದುದು 1878ರ ಜೂನ್ ತಿಂಗಳಲ್ಲಿ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಉದ್ಯಮಿ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್‌ರ ಓಟದ ಪಥದ ಪಕ್ಕ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಎಡ್ವರ್ಡ್ ಮೈಬ್ರಿಜ್ ಅವರು ಸ್ಯಾಲಿ ಗಾರ್ಡ್ನರ್ ಎಂಬ ಕುದುರೆಯ ನಾಗಾಲೋಟವನ್ನು ಹಂತಹಂತವಾಗಿ ಸೆರೆಹಿಡಿದರು. ಪ್ರತಿ ಚಿತ್ರಕ್ಕೂ 1/2000 ಸೆಕೆಂಡಿಗಿಂತ ಕಡಿಮೆ ಕಾಲ ಬೆಳಕು ಬಿದ್ದಿದೆ ಎಂದು ಅವರು ಪ್ರಕಟಿಸಿದ ಚಿತ್ರಪಟದ ಮೇಲೆಯೇ ಮುದ್ರಿತವಾಗಿದೆ. ಅಲ್ಲಿಯವರೆಗೆ ಯುರೋಪಿನ ಚಿತ್ರಕಾರರು ಓಡುವ ಕುದುರೆಯ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ನಾಲ್ಕನ್ನೂ ನೆಲದಿಂದ ಮೇಲೆತ್ತಿ ಬರೆಯುತ್ತಿದ್ದರು. ತಿಯೊಡೋರ್ ಜೆರಿಕೋ ಅವರ 1821ರ ಎಪ್ಸಮ್ ಡರ್ಬಿ ಚಿತ್ರ ಇದಕ್ಕೆ ಪ್ರಸಿದ್ಧ ಉದಾಹರಣೆ. ಕುದುರೆಯು ಗಾಳಿಯಲ್ಲಿ ತೇಲುವುದು ನಿಜ, ಆದರೆ ಆಗ ಅದರ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಎಂಬುದು ಮೈಬ್ರಿಜ್ ಚಿತ್ರಗಳಿಂದ ತಿಳಿದುಬಂದಿತು. ಅವರು 1887ರಲ್ಲಿ ಹೊರತಂದ 781 ಪಟಗಳ 'ಅನಿಮಲ್ ಲೋಕೋಮೋಷನ್' ಸಂಗ್ರಹದಲ್ಲಿ ನಾಯಿ ಮತ್ತು ಬೆಕ್ಕುಗಳ ಓಟವೂ ಸೇರಿದೆ.

1894ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ ಅವರು ತಲೆಕೆಳಗಾಗಿ ಬಿಟ್ಟ ಬೆಕ್ಕು ಗಾಳಿಯಲ್ಲಿಯೇ ತಿರುಗಿ ಕಾಲುಗಳ ಮೇಲೆ ಇಳಿಯುವುದನ್ನು ಸರಣಿ ಚಿತ್ರಗಳಲ್ಲಿ ದಾಖಲಿಸಿದರು. ಬಿಟ್ಟವರ ಕೈಯನ್ನು ಒದ್ದು ಬೆಕ್ಕು ತಿರುಗುತ್ತದೆ ಎಂಬ ಅಂದಿನ ವಿವರಣೆ ಈ ಚಿತ್ರಗಳ ಮುಂದೆ ನಿಲ್ಲಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರು ವಿದ್ಯುತ್ ಫ್ಲ್ಯಾಶ್‌ನ ಅತಿ ಚಿಕ್ಕ ಮಿಂಚನ್ನು ಛಾಯಾಗ್ರಹಣಕ್ಕೆ ಬಳಸಿದ ನಂತರ, ಚಲನೆಯನ್ನು ನಿಲ್ಲಿಸುವ ಕೆಲಸವನ್ನು ಶಟರ್‌ಗೆ ಬದಲಾಗಿ ಬೆಳಕಿಗೇ ವಹಿಸಲು ಸಾಧ್ಯವಾಯಿತು.

ಮಸುಕನ್ನು ಗುರುತಿಸುವುದು

ಕೆಟ್ಟ ಚಿತ್ರವನ್ನು ಅಳಿಸುವ ಮೊದಲು ದೊಡ್ಡದು ಮಾಡಿ ನೋಡಿದರೆ ಕಾರಣವು ಸಾಮಾನ್ಯವಾಗಿ ಚಿತ್ರದಲ್ಲಿಯೇ ಸಿಗುತ್ತದೆ. ನಾಯಿಯು ಮಸುಕಾಗಿದ್ದು ಅದರ ಹಿಂದಿನ ಅಥವಾ ಮುಂದಿನ ಹುಲ್ಲಿನ ಒಂದು ಪಟ್ಟಿ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ನಾಯಿ ಇರುವಷ್ಟೇ ದೂರದ ಹುಲ್ಲು ಸ್ಪಷ್ಟವಾಗಿದ್ದು, ನಾಯಿಯ ಮೈ ಮಾತ್ರ ಓಟದ ದಿಕ್ಕಿನಲ್ಲಿ ಎಳೆದಂತೆ ಕಂಡರೆ ಅದು ಚಲನೆಯ ಮಸುಕು. ಚೌಕಟ್ಟಿನಲ್ಲಿರುವ ಎಲ್ಲವೂ, ಕಲ್ಲು ಗೋಡೆಗಳೂ ಸೇರಿದಂತೆ, ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ. ಲೆನ್ಸ್ ಅಥವಾ ಕ್ಯಾಮೆರಾದೊಳಗಿನ ಅಲುಗಾಟ ನಿಯಂತ್ರಣ ವ್ಯವಸ್ಥೆಯು ಈ ಕೊನೆಯ ದೋಷವನ್ನು ಮಾತ್ರ ತಗ್ಗಿಸುತ್ತದೆ. ಪ್ರಾಣಿಯ ಓಟವನ್ನು ಅದು ನಿಲ್ಲಿಸದು.

ಇನ್ನೊಂದು ಲಕ್ಷಣವೂ ಗಮನಾರ್ಹ. ಓಡುವ ಪ್ರಾಣಿಯ ಎಲ್ಲ ಅಂಗಗಳೂ ಒಂದೇ ವೇಗದಲ್ಲಿರುವುದಿಲ್ಲ. ನೆಲಕ್ಕೆ ಊರಿದ ಪಂಜವು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ಮುಂದಕ್ಕೆ ಬೀಸುವ ಕಾಲು ದೇಹಕ್ಕಿಂತಲೂ ವೇಗವಾಗಿ ಸಾಗುತ್ತದೆ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದು ತೆಗೆದ ಚಿತ್ರದಲ್ಲಿ ಪಂಜದ ಉಗುರುಗಳು ಎಣಿಸುವಷ್ಟು ಸ್ಪಷ್ಟವಾಗಿದ್ದು ಮುಖವು ಮಸುಕಾಗಿರುವುದು ಇದರಿಂದಲೇ. ನೋಡುವವರ ದೃಷ್ಟಿ ಮೊದಲು ಕಣ್ಣಿಗೆ ಹೋಗುತ್ತದೆಯಾದ್ದರಿಂದ, ಕಣ್ಣು ಸ್ಪಷ್ಟವಾಗಿದ್ದರೆ ಕಾಲಿನ ಮಸುಕನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಅದು ವೇಗದ ಸೂಚನೆಯಾಗಿಯೇ ಒಪ್ಪಿತವಾಗುತ್ತದೆ.

ಶಟರ್ ವೇಗದ ಲೆಕ್ಕ

ಎಷ್ಟು ಶಟರ್ ವೇಗ ಬೇಕೆಂಬುದನ್ನು ಪ್ರಾಣಿಯ ವೇಗವೊಂದೇ ನಿರ್ಧರಿಸುವುದಿಲ್ಲ. ಚೌಕಟ್ಟಿನಲ್ಲಿ ಅದು ಎಷ್ಟು ಜಾಗ ದಾಟುತ್ತದೆ ಎಂಬುದು ಮುಖ್ಯ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಓಡುವ ನಾಯಿಯನ್ನು ಪರಿಗಣಿಸಬಹುದು. ಚೌಕಟ್ಟಿನಲ್ಲಿ 3 ಮೀಟರ್ ಅಗಲದ ದೃಶ್ಯವಿದ್ದು, 24 ಮೆಗಾಪಿಕ್ಸೆಲ್ ಸಂವೇದಕದ ಅಗಲದಲ್ಲಿ 6000 ಪಿಕ್ಸೆಲ್‌ಗಳಿದ್ದರೆ, ಒಂದು ಪಿಕ್ಸೆಲ್ ಅರ್ಧ ಮಿ.ಮೀ.ಗೆ ಸಮ. 1/250 ಸೆಕೆಂಡಿನಲ್ಲಿ ನಾಯಿ 4 ಸೆಂ.ಮೀ. ಸಾಗುತ್ತದೆ, ಅದರ ಗುರುತು 80 ಪಿಕ್ಸೆಲ್‌ಗಳಷ್ಟು ಹರಡುತ್ತದೆ ಮತ್ತು ಕಣ್ಣು ಗುರುತೇ ಸಿಗದಂತಾಗುತ್ತದೆ. 1/1000 ಸೆಕೆಂಡಿನಲ್ಲಿ ಹರಡುವಿಕೆ 20 ಪಿಕ್ಸೆಲ್, 1/2000ದಲ್ಲಿ 10, 1/4000ದಲ್ಲಿ 5. ಮೊಬೈಲ್ ಪರದೆಯ ಮೇಲೆ 20 ಪಿಕ್ಸೆಲ್‌ಗಳ ಮಸುಕು ಕಾಣದೇ ಹೋಗಬಹುದು. ದೊಡ್ಡದಾಗಿ ಮುದ್ರಿಸಿದಾಗ ಕಾಣುತ್ತದೆ.

ಕ್ಯಾಮೆರಾವು ನಾಯಿಯ ಜೊತೆಯಲ್ಲಿಯೇ ತಿರುಗುತ್ತಿದ್ದರೆ ಈ ಲೆಕ್ಕ ಬಹಳ ಸಡಿಲವಾಗುತ್ತದೆ, ಏಕೆಂದರೆ ಆಗ ಉಳಿಯುವುದು ತಲೆಯ ಏರಿಳಿತ ಮತ್ತು ಕಾಲುಗಳ ಬೀಸು ಮಾತ್ರ. ನುರಿತವರು ಹಿಂಬಾಲಿಸುತ್ತಾ 1/1000 ಸೆಕೆಂಡಿನಲ್ಲಿ ಪಡೆಯುವ ಸ್ಪಷ್ಟತೆ, ಕ್ಯಾಮೆರಾವನ್ನು ಕದಲಿಸದೆ 1/4000ದಲ್ಲಿ ತೆಗೆದವರಿಗೂ ಸಿಗದಿರಬಹುದು. ನಾಯಿ ನೇರವಾಗಿ ಎದುರಿಗೆ ಓಡಿಬರುವಾಗಲೂ ಅಡ್ಡ ಚಲನೆ ಅಲ್ಪವಾಗಿರುತ್ತದೆ. ಆದರೆ ಆಗ ಕಷ್ಟವೆಲ್ಲ ಫೋಕಸ್‌ಗೆ ವರ್ಗವಾಗುತ್ತದೆ.

ಉದ್ದೇಶಪೂರ್ವಕವಾಗಿ 1/30ರಿಂದ 1/125 ಸೆಕೆಂಡಿನಷ್ಟು ನಿಧಾನದ ಶಟರ್ ಇಟ್ಟು ಹಿಂಬಾಲಿಸುವ ಕ್ರಮಕ್ಕೆ ಪ್ಯಾನಿಂಗ್ ಎಂದು ಹೆಸರು. ಹಿನ್ನೆಲೆ ಗೆರೆಗಳಾಗಿ ಕರಗಿ, ತಲೆ ಮಾತ್ರ ಉಳಿಯುತ್ತದೆ. ಹೆಚ್ಚಿನ ಚಿತ್ರಗಳು ಹಾಳಾಗುವುದು ಈ ಕ್ರಮದ ಸಹಜ ಲಕ್ಷಣ.

ಯಾಂತ್ರಿಕ ಶಟರ್‌ಗೆ ಬದಲಾಗಿ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಮಸುಕಿಲ್ಲದೆಯೂ ಆಕಾರ ಕೆಡುವ ಸಾಧ್ಯತೆ ಇದೆ. ಹೆಚ್ಚಿನ ಸಂವೇದಕಗಳು ಚಿತ್ರವನ್ನು ಸಾಲುಸಾಲಾಗಿ ಓದುತ್ತವೆ. ಪೂರ್ಣ ಓದಿಗೆ 1/20 ಸೆಕೆಂಡ್ ತಗುಲುವ ಕ್ಯಾಮೆರಾದಲ್ಲಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮೇಲಿನ ಉದಾಹರಣೆಯ ನಾಯಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಪರಿಣಾಮವಾಗಿ ಕಾಲುಗಳು ದೇಹಕ್ಕೆ ಓರೆಯಾಗಿ ಜೋಡಿಸಿದಂತೆ ತೋರುತ್ತವೆ. ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ಓದುವ ಸಂವೇದಕವುಳ್ಳ ಸೋನಿ ಎ9 ಮೂರನೇ ಆವೃತ್ತಿಯು 2023ರಲ್ಲಿ ಪ್ರಕಟವಾಯಿತು. ಅದು ಈ ದೋಷದಿಂದ ಮುಕ್ತವಾಗಿದೆ. ಅಂತಹ ಸಂವೇದಕವಿಲ್ಲದವರಿಗೆ ಯಾಂತ್ರಿಕ ಶಟರ್ ಈಗಲೂ ಹೆಚ್ಚು ನಂಬಿಕೆಗೆ ಅರ್ಹ.

ಫೋಕಸ್

ಫೋಕಸ್ ಆದ ಅಂತರದ ಹಿಂದೆ ಮುಂದೆ ಎಷ್ಟು ಭಾಗ ಸ್ಪಷ್ಟವಾಗಿ ಕಾಣುತ್ತದೆಯೋ ಅದನ್ನು ಸ್ಪಷ್ಟತೆಯ ಆಳ ಎನ್ನಬಹುದು. ಪೂರ್ಣ ಚೌಕಟ್ಟಿನ ಸಂವೇದಕ, 200 ಮಿ.ಮೀ. ಲೆನ್ಸ್ ಮತ್ತು ಎಫ್/2.8 ದ್ಯುತಿರಂಧ್ರ ಇದ್ದಾಗ 10 ಮೀಟರ್ ದೂರದಲ್ಲಿ ಈ ಆಳ ಸುಮಾರು 42 ಸೆಂ.ಮೀ. ನಾಯಿ 5 ಮೀಟರ್‌ಗೆ ಬಂದಾಗ ಅದು ಸುಮಾರು 10 ಸೆಂ.ಮೀ.ಗೆ ಇಳಿಯುತ್ತದೆ, ಅಂತರ ಅರ್ಧವಾದರೆ ಆಳ ಕಾಲು ಭಾಗವಾಗುತ್ತದೆ. ಉದ್ದ ಮೂತಿಯ ನಾಯಿಯಲ್ಲಿ ಮೂಗಿನಿಂದ ಕಣ್ಣಿಗೆ ಇರುವ ದೂರವೇ ಬಹುತೇಕ ಅಷ್ಟಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎದುರಿಗೆ ಬರುವ ನಾಯಿ ಆ 10 ಸೆಂ.ಮೀ.ಗಳನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಎದುರಿಗೆ ಓಡಿಬರುವ ನಾಯಿಯ ಚಿತ್ರಗಳಲ್ಲಿ ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾಗುವುದು, ಅಥವಾ ಕಿವಿ ಸ್ಪಷ್ಟವಾಗಿ ಮುಖ ಮಸುಕಾಗುವುದು ಇದರಿಂದಲೇ. ದ್ಯುತಿರಂಧ್ರವನ್ನು ಎಫ್/5.6ಕ್ಕೆ ಕಿರಿದುಗೊಳಿಸಿದರೆ ಆಳ ಇಮ್ಮಡಿಯಾಗುತ್ತದೆ. ಹೊರಗೆ ಸಾಕಷ್ಟು ಬೆಳಕಿರುವಾಗ ಹಿನ್ನೆಲೆಯ ಮೃದುತ್ವಕ್ಕಾಗಿ ಎಫ್/2.8ಕ್ಕೇ ಅಂಟಿಕೊಳ್ಳುವುದು ಲಾಭಕ್ಕಿಂತ ನಷ್ಟವನ್ನೇ ತರುತ್ತದೆ.

ಒಮ್ಮೆ ಫೋಕಸ್ ಮಾಡಿ ಅಲ್ಲಿಯೇ ನಿಲ್ಲುವ ಕ್ರಮವು ಕುಳಿತ ಪ್ರಾಣಿಗೆ ಸಾಕು. ಓಡುವ ಪ್ರಾಣಿಗೆ ಶಟರ್ ಗುಂಡಿಯನ್ನು ಅರ್ಧ ಒತ್ತಿರುವಷ್ಟು ಕಾಲವೂ ಅಂತರವನ್ನು ಅಳೆಯುತ್ತಾ ಮುಂದಿನ ಸ್ಥಾನವನ್ನು ಊಹಿಸುವ ನಿರಂತರ ಆಟೋಫೋಕಸ್ ಬೇಕು. ನಿಕಾನ್ ಮತ್ತು ಸೋನಿ ಕ್ಯಾಮೆರಾಗಳಲ್ಲಿ ಇದು ಎಎಫ್-ಸಿ ಎಂದೂ ಕ್ಯಾನನ್ ಕ್ಯಾಮೆರಾಗಳಲ್ಲಿ ಸರ್ವೋ ಎಂದೂ ಗುರುತಿಸಲ್ಪಡುತ್ತದೆ. 2019ರಲ್ಲಿ ಸೋನಿಯು ಪ್ರಾಣಿಗಳ ಕಣ್ಣನ್ನು ಗುರುತಿಸುವ ಆಟೋಫೋಕಸನ್ನು ಒದಗಿಸಿತು. ಇತರ ತಯಾರಕರೂ ಅಂತಹ ವ್ಯವಸ್ಥೆಗಳನ್ನು ತಂದಿದ್ದಾರೆ. ಕಪ್ಪು ಮೈಯ ನಾಯಿಯ ಕಪ್ಪು ಕಣ್ಣು, ಕಣ್ಣನ್ನು ಮುಚ್ಚುವ ಕೂದಲು, ಮುಖಕ್ಕೆ ಅಡ್ಡ ಬರುವ ಹುಲ್ಲು ಇವು ಆ ವ್ಯವಸ್ಥೆಗಳನ್ನು ದಾರಿತಪ್ಪಿಸಬಲ್ಲವು.

ಹಳೆಯ ಕ್ಯಾಮೆರಾ ಇರುವವರಿಗೂ, ದಿಕ್ಕು ಊಹಿಸಲಾಗದ ಬೆಕ್ಕಿನ ಚಿತ್ರ ತೆಗೆಯುವವರಿಗೂ ಇನ್ನೊಂದು ಉಪಾಯವಿದೆ. ಪ್ರಾಣಿಯು ಖಂಡಿತವಾಗಿ ದಾಟಿಹೋಗುವ ಹೊಸ್ತಿಲು, ಮೆಟ್ಟಿಲು ಅಥವಾ ನೆಲದ ಮೇಲಿನ ಎಲೆಯೊಂದಕ್ಕೆ ಮೊದಲೇ ಫೋಕಸ್ ಮಾಡಿ, ಆಟೋಫೋಕಸನ್ನು ಸ್ಥಗಿತಗೊಳಿಸಿ ಕಾಯಲಾಗುತ್ತದೆ. ಚಲನಚಿತ್ರ ಸುರುಳಿಯ ಕಾಲದಿಂದ ಬಂದ ಈ ಪದ್ಧತಿ ಇಂದಿಗೂ ನಿರುಪಯುಕ್ತವಾಗಿಲ್ಲ.

ಬೆಳಕು

ಶಟರ್ ವೇಗ, ಕಿರಿದಾದ ದ್ಯುತಿರಂಧ್ರ ಎರಡೂ ಬೆಳಕನ್ನು ಕಬಳಿಸುತ್ತವೆ. ನಿಚ್ಚಳ ಬಿಸಿಲಿನಲ್ಲಿ ಇದು ಸಮಸ್ಯೆಯೇ ಅಲ್ಲ: ಐಎಸ್‌ಒ 100ರಲ್ಲಿ ಎಫ್/16 ಮತ್ತು 1/100 ಸೆಕೆಂಡ್ ಎಂಬ ಹಳೆಯ ನಿಯಮದಂತೆ ಐಎಸ್‌ಒ 400ರಲ್ಲಿ ಎಫ್/5.6 ಮತ್ತು 1/3200 ಸೆಕೆಂಡ್ ಸುಲಭವಾಗಿ ಸಿಗುತ್ತದೆ. ಮನೆಯೊಳಗೆ ಪರಿಸ್ಥಿತಿ ಬೇರೆ. ಸುಮಾರು 100 ಲಕ್ಸ್ ಬೆಳಕಿರುವ ಕೋಣೆಯಲ್ಲಿ ಎಫ್/2.8 ಮತ್ತು 1/1000 ಸೆಕೆಂಡಿಗೆ ಐಎಸ್‌ಒ 20,000ದ ಆಸುಪಾಸು ಬೇಕಾಗುತ್ತದೆ, ಎಫ್/1.8ರಲ್ಲಿ ಸುಮಾರು 8,000. ಕಣ್ಣು ಕೋಣೆಯ ಬೆಳಕಿಗೆ ಹೊಂದಿಕೊಂಡುಬಿಡುವುದರಿಂದ ಹೊರಗಿನ ಬಿಸಿಲು ಅದಕ್ಕಿಂತ ಸಾವಿರ ಪಟ್ಟು ಪ್ರಖರವೆಂಬುದು ಅನುಭವಕ್ಕೆ ಬರುವುದಿಲ್ಲ. ಆಟವನ್ನು ದೊಡ್ಡ ಕಿಟಕಿಯ ಬಳಿಗೋ ಜಗಲಿಗೋ ಸ್ಥಳಾಂತರಿಸುವುದು ಹೊಸ ಲೆನ್ಸ್ ಕೊಳ್ಳುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಉಂಟುಮಾಡುತ್ತದೆ. ಐಎಸ್‌ಒ ಹೆಚ್ಚಿದಾಗ ಕಾಣುವ ಕಾಳುಕಾಳು ಕಣಗಳನ್ನು ನಂತರ ತಂತ್ರಾಂಶದಿಂದ ತಗ್ಗಿಸಬಹುದು. ಚಲನೆಯ ಮಸುಕನ್ನು ಹಾಗೆ ತೊಡೆಯುವುದು ಬಹಳ ಕಷ್ಟ.

ಭಾರತದಲ್ಲಿ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ ಹಲವು ಟ್ಯೂಬ್‌ಲೈಟ್ ಹಾಗೂ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/1000 ಸೆಕೆಂಡಿನಂತಹ ವೇಗದಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಾಗಿ, ಇನ್ನೊಂದು ಪಟ್ಟಿಪಟ್ಟಿಯಾಗಿ ಬರುವುದಕ್ಕೆ ಕ್ಯಾಮೆರಾದ ದೋಷ ಕಾರಣವಲ್ಲ.

ಫ್ಲ್ಯಾಶ್ ಬಳಸುವಾಗ ಚಲನೆಯನ್ನು ನಿಲ್ಲಿಸುವುದು ಮಿಂಚಿನ ಅವಧಿ. ಕ್ಯಾಮೆರಾದ ಮೇಲೆ ಕೂರಿಸುವ ಫ್ಲ್ಯಾಶ್‌ಗಳು ಶಕ್ತಿಯನ್ನು ತಗ್ಗಿಸಿದಷ್ಟೂ ಹೆಚ್ಚು ಚಿಕ್ಕ ಮಿಂಚನ್ನು ಕೊಡುತ್ತವೆ. 1/32 ಶಕ್ತಿಯಲ್ಲಿ ಅದು ಸಾಮಾನ್ಯವಾಗಿ 1/10,000 ಸೆಕೆಂಡಿಗಿಂತ ಕಿರಿದು. ಬೆಳಕನ್ನು ಚಾವಣಿಗೆ ಹಾಯಿಸಿ ಪ್ರತಿಫಲಿಸಿದರೆ ಕಣ್ಣು ಹೊಳೆಯುವುದೂ ತಪ್ಪುತ್ತದೆ. ನಾಯಿ ಬೆಕ್ಕುಗಳ ಅಕ್ಷಿಪಟಲದ ಹಿಂದಿರುವ ಟಪೀಟಮ್ ಲೂಸಿಡಮ್ ಎಂಬ ಪ್ರತಿಫಲಕ ಪದರವೇ ಆ ಹಸಿರು ಅಥವಾ ಹಳದಿ ಹೊಳಪಿಗೆ ಕಾರಣ.

ಕ್ಷಣದ ಆಯ್ಕೆ

ಓಟದ ಎಲ್ಲ ಕ್ಷಣಗಳೂ ಸಮಾನವಾಗಿ ವೇಗದವಲ್ಲ. ನೆಗೆತದ ತುತ್ತತುದಿಯಲ್ಲಿ ಮೇಲ್ಮುಖ ವೇಗ ಸೊನ್ನೆಯಾಗುತ್ತದೆ. ತುದಿಗೆ ತಲುಪುವ ಮುಂಚಿನ ಮತ್ತು ನಂತರದ ತಲಾ 0.1 ಸೆಕೆಂಡಿನಲ್ಲಿ ದೇಹದ ಎತ್ತರ ಬದಲಾಗುವುದು ಸುಮಾರು 5 ಸೆಂ.ಮೀ. ಮಾತ್ರ. ಚೆಂಡನ್ನು ದೂರಕ್ಕೆ ಎಸೆಯುವ ಬದಲು ನೇರ ಮೇಲಕ್ಕೆ ಎಸೆದರೆ ಮುಂದಿನ ಚಲನೆಯೂ ತಗ್ಗುವುದರಿಂದ, ಸಾಧಾರಣ ಬೆಳಕಿನಲ್ಲಿಯೂ 1/500 ಸೆಕೆಂಡಿನಲ್ಲಿ ಒಪ್ಪುವ ಚಿತ್ರ ದೊರಕಬಹುದು. ನಾಯಿ ತಿರುವಿನಲ್ಲಿ ವೇಗ ತಗ್ಗಿಸುವ ಕ್ಷಣವೂ ಇಂತಹದೇ. ಬೆಕ್ಕು ಎರಗುವ ಮೊದಲು ನೆಲಕ್ಕೆ ಅಂಟಿಕೊಂಡು ಹಿಂಬದಿಯನ್ನು ಎಡಬಲಕ್ಕೆ ಅಲ್ಲಾಡಿಸುತ್ತದೆ. ಛಾಯಾಗ್ರಾಹಕನಿಗೆ ಬೆಕ್ಕು ಕೊಡುವ ಮುನ್ಸೂಚನೆ ಇದೊಂದೇ ಎನ್ನಬಹುದು.

ಮನುಷ್ಯನು ಕಂಡದ್ದಕ್ಕೆ ಬೆರಳಿನಿಂದ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ನಾಯಿ 2 ಮೀಟರ್ ಸಾಗಿರುತ್ತದೆ. ಕ್ಷಣವನ್ನು ಕಂಡ ನಂತರ ಗುಂಡಿ ಒತ್ತಿದವರಿಗೆ ಆ ಕ್ಷಣ ಸಿಕ್ಕಿರುವುದಿಲ್ಲ. ಆದ್ದರಿಂದ ತುಸು ಮೊದಲೇ ಒತ್ತಿ ಸರಣಿ ಚಿತ್ರಗಳನ್ನು ತೆಗೆಯುವುದು ರೂಢಿ. 2016ರಲ್ಲಿ ಪ್ರಕಟವಾದ ಒಲಿಂಪಸ್ ಇ-ಎಂ1 ಎರಡನೇ ಆವೃತ್ತಿಯ 'ಪ್ರೊ ಕ್ಯಾಪ್ಚರ್' ಸೌಲಭ್ಯವು ಗುಂಡಿಯನ್ನು ಪೂರ್ತಿ ಒತ್ತುವ ಮೊದಲಿನ ಕೆಲವು ಚಿತ್ರಗಳನ್ನೂ ಉಳಿಸಿಕೊಡುವ ಮೂಲಕ ಈ ಮಿತಿಯನ್ನು ದಾಟಿತು.

ನಾಗಾಲೋಟದ ಹಂತಗಳನ್ನು ತಿಳಿದಿರುವುದು ಚಿತ್ರಗಳ ಆಯ್ಕೆಗೆ ಸಹಾಯಕ. ಗ್ರೇಹೌಂಡ್ ಮೊದಲಾದ, ನೋಟದ ಬಲದಿಂದ ಬೇಟೆಯಾಡುವ ತಳಿಗಳ ಓಟದಲ್ಲಿ ಒಂದು ಆವರ್ತಕ್ಕೆ ಎರಡು ಬಾರಿ ನಾಲ್ಕೂ ಕಾಲುಗಳು ನೆಲ ಬಿಡುತ್ತವೆ: ಒಮ್ಮೆ ದೇಹ ಬಿಲ್ಲಿನಂತೆ ಬಾಗಿ ಕಾಲುಗಳು ಕೂಡಿಕೊಂಡಾಗ, ಇನ್ನೊಮ್ಮೆ ಪೂರ್ತಿಯಾಗಿ ಚಾಚಿಕೊಂಡಾಗ. ಅಂದರೆ ಕುದುರೆಯ ವಿಷಯದಲ್ಲಿ ಮೈಬ್ರಿಜ್ ಸುಳ್ಳೆಂದು ತೋರಿಸಿದ ಆ ಚಾಚಿದ ಭಂಗಿಯು ಈ ನಾಯಿಗಳ ವಿಷಯದಲ್ಲಿ ನಿಜ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಮುಧೋಳ ನಾಯಿಯೂ ಇದೇ ವರ್ಗದ್ದು. ತೆಳ್ಳನೆಯ ಸೊಂಟ ಮತ್ತು ಗಿಡ್ಡ ಕೂದಲಿನಿಂದಾಗಿ ಅದರ ಬೆನ್ನಿನ ಬಾಗು, ತೊಡೆಯ ಸ್ನಾಯುಗಳು ಪಕ್ಕದಿಂದ ತೆಗೆದ ಚಿತ್ರದಲ್ಲಿ ಎದ್ದು ಕಾಣುತ್ತವೆ; ದಟ್ಟ ಕೂದಲಿನ ಪೊಮೆರೇನಿಯನ್‌ನಲ್ಲಿ ಅದೇ ಹಂತಗಳು ಕೂದಲಿನ ಮರೆಯಲ್ಲಿ ಅಡಗಿಹೋಗುತ್ತವೆ. ಒಣ ಕಪ್ಪುಮಣ್ಣಿನ ಹೊಲದಲ್ಲಿ ಎದುರಿಗೆ ಓಡಿಬರುವ ನಾಯಿಯ ಕಾಲಡಿಯಿಂದ ಏಳುವ ಧೂಳು ಆಟೋಫೋಕಸನ್ನು ತನ್ನೆಡೆಗೆ ಸೆಳೆಯುವುದುಂಟು. ಬೆಳಗಿನ ಓರೆ ಬಿಸಿಲಿನಲ್ಲಿ ಆ ಧೂಳೇ ಚಿತ್ರದ ಅಂದವೂ ಆಗುತ್ತದೆ.

ಕ್ಯಾಮೆರಾವನ್ನು ಪ್ರಾಣಿಯ ಕಣ್ಣಿನ ಎತ್ತರಕ್ಕೆ ಇಳಿಸಿದಾಗ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ, ಪಂಜ ಮತ್ತು ನೆಲದ ನಡುವಿನ ತೆರಪೂ ಕಾಣುತ್ತದೆ. ನಿಂತ ಎತ್ತರದಿಂದ ತೆಗೆದ ಚಿತ್ರದಲ್ಲಿ ಗಾಳಿಯಲ್ಲಿರುವ ನಾಯಿಯೂ ನೆಲದ ಮೇಲೆಯೇ ಇದ್ದಂತೆ ತೋರುವುದುಂಟು.

ಮೊಬೈಲ್ ಕ್ಯಾಮೆರಾ

ಮೊಬೈಲ್‌ಗಳು ಮಂದ ಬೆಳಕಿನಲ್ಲಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಅಂತಿಮ ಚಿತ್ರವನ್ನು ರಚಿಸುತ್ತವೆ. ನಿಶ್ಚಲ ದೃಶ್ಯಕ್ಕೆ ಇದು ವರವಾದರೂ ಓಡುವ ಪ್ರಾಣಿಗೆ ಎರಡು ಬಾಲ, ಅರೆಪಾರದರ್ಶಕ ಕಾಲುಗಳು ಬರುವುದು ಇದರಿಂದಲೇ. ರಾತ್ರಿ ಕ್ರಮ ಮತ್ತು ಭಾವಚಿತ್ರ ಕ್ರಮಗಳನ್ನು ನಿಲ್ಲಿಸಿ, ಶಟರ್ ವೇಗವನ್ನು ಕೈಯಾರೆ ಹೊಂದಿಸಲು ಬಿಡುವ ಪ್ರೊ ಕ್ರಮ ಅಥವಾ ಸರಣಿ ಚಿತ್ರದ ಸೌಲಭ್ಯವನ್ನು ಬಳಸಬಹುದು. 4ಕೆ ವೀಡಿಯೊದಿಂದ ಬೇಕಾದ ಚೌಕಟ್ಟನ್ನು ಆರಿಸಿಕೊಳ್ಳುವವರೂ ಇದ್ದಾರೆ. ಒಂದು ಚೌಕಟ್ಟಿನಲ್ಲಿ ಸುಮಾರು 8 ಮೆಗಾಪಿಕ್ಸೆಲ್ ಇರುತ್ತದೆ. ಆದರೆ ವೀಡಿಯೊ ಸರಾಗವಾಗಿ ಕಾಣಲೆಂದು ಅದರ ಶಟರ್ ವೇಗವನ್ನು ಅನೇಕ ವೇಳೆ ನಿಧಾನವಾಗಿ ಇಡಲಾಗುವುದರಿಂದ, ಬಿಡಿ ಚೌಕಟ್ಟು ಮಸುಕಾಗಿರುತ್ತದೆ.

ಪ್ರಾಣಿಯ ಕ್ಷೇಮ

ಸ್ಪಷ್ಟ ಚಿತ್ರಕ್ಕೆ ಮರುಯತ್ನಗಳು ಬೇಕು, ಮರುಯತ್ನವೆಂದರೆ ಪ್ರಾಣಿಗೆ ಇನ್ನೊಂದು ಓಟ. ನಾಯಿಗಳು ಮುಖ್ಯವಾಗಿ ತೇಕುವುದರಿಂದಲೇ ದೇಹದ ಶಾಖವನ್ನು ಹೊರಹಾಕುತ್ತವೆ. ಪಗ್‌ನಂತಹ ಮೊಂಡು ಮೂತಿಯ ತಳಿಗಳಲ್ಲಿ ಈ ಸಾಮರ್ಥ್ಯ ಕಡಿಮೆ. ಬೇಸಿಗೆಯ ಮಧ್ಯಾಹ್ನ ಅವುಗಳನ್ನು ಪದೇ ಪದೇ ಓಡಿಸುವುದು ಪ್ರಾಣಕ್ಕೇ ಅಪಾಯ ತರಬಲ್ಲದು. ಚೆಂಡಿನ ಗೀಳಿರುವ ನಾಯಿ ದಣಿದರೂ ತಾನಾಗಿ ನಿಲ್ಲುವುದಿಲ್ಲವಾದ್ದರಿಂದ, ಎಷ್ಟು ಓಟವೆಂಬುದನ್ನು ಚಿತ್ರ ತೆಗೆಯುವವರೇ ಮೊದಲು ನಿಗದಿಪಡಿಸಬೇಕಾಗುತ್ತದೆ. ಬಿಸಿಲಿಗೆ ಕಾದ ಡಾಂಬರು ಮತ್ತು ಕಾಂಕ್ರೀಟ್ ಪಂಜದ ಅಡಿಭಾಗವನ್ನು ಸುಡುತ್ತವೆ.

ಫಿಲಿಪ್ ಹಾಲ್ಸ್‌ಮನ್ ಅವರು 1948ರಲ್ಲಿ ತೆಗೆದ 'ಡಾಲಿ ಅಟಾಮಿಕಸ್' ಚಿತ್ರದಲ್ಲಿ ಕಲಾವಿದ ಸಾಲ್ವಡೋರ್ ಡಾಲಿಯವರೊಂದಿಗೆ ಮೂರು ಬೆಕ್ಕುಗಳೂ ಎರಚಿದ ನೀರೂ ಗಾಳಿಯಲ್ಲಿವೆ. ಬೆಕ್ಕುಗಳನ್ನು ಸಹಾಯಕರು ಎಸೆದಿದ್ದರು, ಮತ್ತು ಬಯಸಿದ ಚಿತ್ರ ಸಿಗುವವರೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಇದು ನಡೆಯಿತು. ಛಾಯಾಗ್ರಹಣದ ಇತಿಹಾಸದಲ್ಲಿ ಈ ಚಿತ್ರಕ್ಕೆ ದೊಡ್ಡ ಸ್ಥಾನವಿದ್ದರೂ, ಇಂದು ಆ ವಿಧಾನವನ್ನು ಅನುಸರಣೀಯವೆಂದು ಹೇಳಲಾಗದು. ನಂತರದ ಕಾಲದ ಜನಪ್ರಿಯ ಕೃತಿಗಳು ಪ್ರಾಣಿಯು ತಾನಾಗಿ ಮಾಡುವ ಕ್ರಿಯೆಗಳನ್ನು ಆಧರಿಸಿವೆ. ಸೇತ್ ಕ್ಯಾಸ್ಟೀಲ್ ಅವರ 'ಅಂಡರ್‌ವಾಟರ್ ಡಾಗ್ಸ್' (2012) ಚೆಂಡಿನ ಬೆನ್ನುಹತ್ತಿ ನೀರಿಗೆ ಧುಮುಕುವ ನಾಯಿಗಳ ಸಂಕಲನವಾದರೆ, ಕಾರ್ಲಿ ಡೇವಿಡ್‌ಸನ್ ಅವರ 'ಶೇಕ್' (2013) ಮೈ ಕೊಡವುವ ನಾಯಿಗಳದು. ದೊಡ್ಡ ನಾಯಿಯೊಂದು ಮೈ ಕೊಡವುವಾಗ ಸೆಕೆಂಡಿಗೆ ಸುಮಾರು 4–5 ಬಾರಿ ಎಡಬಲಕ್ಕೆ ತಿರುಗುತ್ತದೆ. ಪ್ರತಿ ತಿರುವಿನ ಕೊನೆಯಲ್ಲಿ ತಲೆ ಕ್ಷಣಕಾಲ ನಿಂತು, ಸಡಿಲವಾದ ತುಟಿ ಮತ್ತು ಕಿವಿಗಳು ಮಾತ್ರ ಹಿಂದಿನ ದಿಕ್ಕಿನಲ್ಲಿಯೇ ಹಾರುತ್ತಿರುತ್ತವೆ.